ತಂಡ ಪ್ರಾತಿನಿಧ್ಯದ ಅರ್ಹತೆ: ಬೈಂದೂರು ಸೀಮೆಯಿಂದ ನೋಡಿದಾಗ

ಒಂದು ರಾಜ್ಯದ ಅಥವಾ ದೇಶದ ಹೆಸರಿನ ಅಂಗಿ ತೊಟ್ಟು ಆಡಬೇಕಾದರೆ ಆಟಗಾರನಿಗೂ ಆ ನೆಲಕ್ಕೂ ಏನು ನಂಟಿರಬೇಕು ಎಂಬುದನ್ನು ಗೊತ್ತುಪಡಿಸುವ ಕಟ್ಟಳೆಗಳೇ ಪ್ರಾತಿನಿಧ್ಯದ ಅರ್ಹತಾ ನಿಯಮಗಳು. ಹುಟ್ಟು, ವಂಶ, ವಾಸ, ಉದ್ಯೋಗ, ಪೌರತ್ವ ಎಂಬ ಐದು ಆಧಾರಗಳಲ್ಲಿ ಒಂದನ್ನೋ ಎರಡನ್ನೋ ಹಿಡಿದು ಪ್ರತಿಯೊಂದು ಕ್ರೀಡಾ ಸಂಸ್ಥೆಯೂ ತನ್ನ ನಿಯಮ ಕಟ್ಟಿಕೊಂಡಿದೆ. ಇದ್ದ ಊರಲ್ಲೇ ಇದ್ದು ಬಾಳುವವರಿಗೆ ಈ ಐದೂ ಒಂದೇ ಜಾಗವನ್ನು ತೋರಿಸುತ್ತವೆ. ಉಡುಪಿ ಜಿಲ್ಲೆಯ ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ಹಾಗಲ್ಲ. ಇಲ್ಲಿ ಹೋಟೆಲ್ ಕೆಲಸಕ್ಕೆ ಮುಂಬೈಗೆ, ಬೆಂಗಳೂರಿಗೆ ಹೋದವರು ಮನೆಗೊಬ್ಬರಾದರೂ ಇದ್ದಾರೆ. ಕೊಲ್ಲಿ ದೇಶದಲ್ಲಿ ದುಡಿಯುವವರಿದ್ದಾರೆ. ಅಮೆರಿಕದಲ್ಲಿ ಮೊಮ್ಮಕ್ಕಳಿರುವ ಅಜ್ಜಿಯರಿದ್ದಾರೆ. ಹೀಗಾಗಿ ಕಡತದಲ್ಲಿ ಒಣ ಸಾಲಿನಂತೆ ಕಾಣುವ ನಿಯಮ ಈ ಸೀಮೆಗೆ ಬಂದಾಗ ಮನೆಮನೆಯ ಪ್ರಶ್ನೆಯಾಗುತ್ತದೆ.

ಊರ ಬಯಲಿನ ನಿಯಮ

ಅರ್ಹತಾ ನಿಯಮದ ಮೊದಲ ರೂಪ ಸಿಗುವುದು ಹಳ್ಳಿಯ ಬಯಲಿನಲ್ಲೇ. ಕೊಯ್ಲು ಮುಗಿದ ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೂ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾಟ ನಡೆಯುತ್ತಲೇ ಇರುತ್ತದೆ. ಬಸ್ ನಿಲ್ದಾಣದಲ್ಲಿ ಅಂಟಿಸಿದ ಅದರ ಭಿತ್ತಿಪತ್ರವನ್ನು ನಿಂತು ಓದಬೇಕು. ಮೇಲೆ ದೇವರ ಹೆಸರು, ನಡುವೆ '60 ಗಜಗಳ ಹೊನಲು ಬೆಳಕಿನ ಪಂದ್ಯಾಟ' ಎಂಬ ದಪ್ಪಕ್ಷರ, ಬಹುಮಾನದ ಮೊತ್ತ, ಅದರ ಕೆಳಗೆ ಸಣ್ಣಕ್ಷರದಲ್ಲಿ ಷರತ್ತುಗಳು. 'ಪಂಚಾಯತ್ ವ್ಯಾಪ್ತಿಯ ಆಟಗಾರರಿಗೆ ಮಾತ್ರ', 'ಒಬ್ಬ ಆಟಗಾರ ಒಂದೇ ತಂಡದಲ್ಲಿ ಆಡತಕ್ಕದ್ದು', 'ಆಧಾರ್ ಕಾರ್ಡ್ ಕಡ್ಡಾಯ', 'ಇಬ್ಬರು ಅತಿಥಿ ಆಟಗಾರರಿಗೆ ಅವಕಾಶ'. ದೊಡ್ಡ ಸಂಸ್ಥೆಗಳ ನಿಯಮ ಪುಸ್ತಕದಲ್ಲಿ ಪುಟಗಟ್ಟಲೆ ಬರುವ ನಿವಾಸ, ದಾಖಲೆ, ಹೊರಗಿನ ಆಟಗಾರರ ಮಿತಿ ಇವೆಲ್ಲ ಇಲ್ಲಿ ನಾಲ್ಕು ಸಾಲಿನಲ್ಲಿ ಮುಗಿದಿರುತ್ತವೆ. ಒಂದು ಸಮಾಜದ ಬಾಂಧವರಿಗಷ್ಟೇ ಮೀಸಲಾದ ಪಂದ್ಯಾಟಗಳಲ್ಲಿ ವಂಶವೇ ಅರ್ಹತೆ.

ಮುಂಬೈಯಲ್ಲಿ ಹುಟ್ಟಿ ಬೆಳೆದ ಹುಡುಗ ಮೇ ತಿಂಗಳ ರಜೆಗೆ ಅಜ್ಜಿ ಮನೆಗೆ ಬಂದಿದ್ದಾನೆ ಎನ್ನಿ. ಅವನ ಆಧಾರ್ ಕಾರ್ಡಿನಲ್ಲಿ ಮುಂಬೈ ವಿಳಾಸ. ಆದರೆ ಬಯಲಿನ ಹಿರಿಯರು ಕೇಳುವುದು 'ನೀ ಯಾರ್ ಮನಿ ಗಂಡ್?' (ನೀನು ಯಾರ ಮನೆಯ ಹುಡುಗ?) ಎಂದು. ಮನೆಯ ಹೆಸರು ಹೇಳಿದರೆ ಸಾಕು, ಅವನು ಊರಿನವನೇ. ತಂದೆ ತಾಯಿ, ಅಜ್ಜ ಅಜ್ಜಿಯ ಮೂಲಕ ಸಿಗುವ ಈ ಹಕ್ಕನ್ನು ಭಾರತದ ಯಾವ ರಾಜ್ಯ ತಂಡದ ನಿಯಮವೂ ಇಷ್ಟು ಸಲೀಸಾಗಿ ಕೊಡುವುದಿಲ್ಲ. ಜಗತ್ತಿನ ಇನ್ನೊಂದು ಮೂಲೆಯ ಆಟವೊಂದು ಅದನ್ನು ಕೊಡುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ಕಂಬಳದ ಕ್ರಮ ಇನ್ನೂ ಸೊಗಸು. ಕೋಣಗಳು ಓಡುವುದು ಯಜಮಾನರ ಮನೆ ಮತ್ತು ಊರಿನ ಹೆಸರಿನಲ್ಲಿ. ಓಡಿಸುವವನು ಬೇರೆ ಊರಿನವನಾದರೂ ಅಡ್ಡಿಯಿಲ್ಲ, ಆದರೆ ಅವನ ಊರಿನ ಹೆಸರು ಅಳಿಯುವುದೂ ಇಲ್ಲ. ದಕ್ಷಿಣ ಕನ್ನಡದ ಯಾವುದೋ ಕರೆಯಲ್ಲಿ (ಕೋಣ ಓಡುವ ಕೆಸರು ಗದ್ದೆಯಲ್ಲಿ) ಯಾರದೋ ಕೋಣ ಗೆದ್ದಾಗ ಫಲಿತಾಂಶದ ಸಾಲಿನಲ್ಲಿ 'ಓಡಿಸಿದವರು: ಬೈಂದೂರು ವಿಶ್ವನಾಥ ದೇವಾಡಿಗ' ಎಂದು ಸೇರಿಯೇ ಇರುತ್ತದೆ. ದುಡಿಮೆಯ ನಿಷ್ಠೆ ಒಂದು ಕಡೆಗೆ, ಹುಟ್ಟೂರಿನ ಗುರುತು ಇನ್ನೊಂದು ಕಡೆಗೆ. ಎರಡಕ್ಕೂ ಒಂದೇ ಸಾಲಿನಲ್ಲಿ ಜಾಗವಿದೆ. ರಾಜ್ಯ ತಂಡಗಳ ಅಂಕಪಟ್ಟಿಯಲ್ಲಿ ಈ ಜಾಗ ಇಲ್ಲ.

ಗಡಿ ಸರಿದಾಗ

ಆಟಗಾರ ಕದಲದೆ ಕೂತಿದ್ದರೂ ಅವನ ರಾಜ್ಯ ಬದಲಾಗಬಹುದು. ಬೈಂದೂರಿನ ಉತ್ತರಕ್ಕೆ ಶಿರೂರು, ಅದನ್ನು ದಾಟಿದರೆ ಭಟ್ಕಳ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದಾಗ ಕುಂದಾಪುರ ತಾಲೂಕು ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಸುಮಾರು ಒಂದು ಶತಮಾನ ಕಾಲ ಶಿರೂರಿನವ ಮದ್ರಾಸ್ ಪ್ರಜೆ, ಪಕ್ಕದ ಭಟ್ಕಳದವ ಮುಂಬೈ ಪ್ರಜೆ. 1 ನವೆಂಬರ್ 1956ರಂದು ಇಬ್ಬರೂ ಮೈಸೂರು ರಾಜ್ಯದವರಾದರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಅದೇ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಕಾಸರಗೋಡಿನ ತಳಂಗರೆಯ ವಿಕೆಟ್ ಕೀಪರ್ ಮೊಹಮ್ಮದ್ ಅಜರುದ್ದೀನ್ ಇಂದು ಕೇರಳದ ಆಟಗಾರನಾಗಿರುವುದಕ್ಕೆ ಬೇರು ಆ ವರ್ಷದಲ್ಲಿದೆ.

ಹಳೆಯ ಗೆರೆ ಪೂರ್ತಿ ಮಾಸಿಲ್ಲ. ಉಡುಪಿ ಜಿಲ್ಲೆ ಮೈಸೂರು ವಿಭಾಗಕ್ಕೆ, ಉತ್ತರ ಕನ್ನಡ ಬೆಳಗಾವಿ ವಿಭಾಗಕ್ಕೆ ಸೇರಿದೆ. ಶಾಲಾ ಕ್ರೀಡಾಕೂಟಗಳು ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಸಾಗುವುದರಿಂದ ಶಿರೂರಿನ ಹುಡುಗಿಯೂ ಭಟ್ಕಳದ ಹುಡುಗಿಯೂ ಎದುರಾಗಬೇಕಾದರೆ ಇಬ್ಬರೂ ರಾಜ್ಯ ಮಟ್ಟಕ್ಕೆ ಏರಬೇಕು. ಶಾಲಾ ಹಂತದಲ್ಲಿ ಹುಟ್ಟು, ವಂಶ ಯಾವುದನ್ನೂ ಕೇಳುವುದಿಲ್ಲ. ಮಗು ಕಲಿಯುವ ಶಾಲೆ ಎಲ್ಲಿದೆಯೋ ಅದೇ ಅದರ ಊರು. ಹೀಗಾಗಿ ಕ್ರೀಡಾ ವಸತಿ ಶಾಲೆಗೆ ಸೇರಿದ ಬೈಂದೂರಿನ ಮಗು ಬೇರೆ ಜಿಲ್ಲೆಯ ಪರವಾಗಿ ಬೈಂದೂರಿನ ವಿರುದ್ಧವೇ ಆಡುವ ಪ್ರಸಂಗವೂ ಬರುತ್ತದೆ.

ರಾಜ್ಯ ಕ್ರಿಕೆಟ್ ತಂಡ

ಭಾರತದ ದೇಶೀಯ ಕ್ರಿಕೆಟ್‌ನಲ್ಲಿ 'ರಾಜ್ಯ' ಎಂದರೆ ರಾಜಕೀಯ ನಕ್ಷೆಯ ರಾಜ್ಯವೇ ಆಗಬೇಕಿಲ್ಲ. ಮಹಾರಾಷ್ಟ್ರವೊಂದರಲ್ಲೇ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂಬ ಮೂರು ತಂಡಗಳು. ಗುಜರಾತಿನಲ್ಲಿ ಗುಜರಾತ್, ಬರೋಡ, ಸೌರಾಷ್ಟ್ರ. ಕರ್ನಾಟಕಕ್ಕೆ ಒಂದೇ ತಂಡ. ಬೈಂದೂರಿನ ಹುಡುಗ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಂಗಳೂರು ವಲಯದ ಮೂಲಕ ಮೇಲೇರಬೇಕು. ಅಷ್ಟು ದೊಡ್ಡ ರಾಜ್ಯಕ್ಕೆ ಹನ್ನೊಂದೇ ಜಾಗ ಇರುವುದರಿಂದ ಹೊರಗೆ ಉಳಿಯುವ ಪ್ರತಿಭಾವಂತರು ಬಹಳ. ಅವರಿಗೆ ಬಾಗಿಲು ತೆರೆಯುವುದು ಭಾರತೀಯ ಕ್ರಿಕೆಟ್ ಮಂಡಳಿಯ ಅರ್ಹತಾ ನಿಯಮ: ಆ ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲವೇ ಋತು ಆರಂಭಕ್ಕೆ ಮುಂಚೆ ಕನಿಷ್ಠ ಒಂದು ವರ್ಷ ಅಲ್ಲಿ ವಾಸವಾಗಿಯೋ ಉದ್ಯೋಗದಲ್ಲೋ ವ್ಯಾಸಂಗದಲ್ಲೋ ಇರಬೇಕು. ಇದರ ಜೊತೆಗೆ, ತವರು ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದ ಹೊರಗಿನ ಮೂವರು ವೃತ್ತಿಪರರನ್ನು ಒಂದು ತಂಡ ಸೇರಿಸಿಕೊಳ್ಳಬಹುದು. ಪಂದ್ಯಾಟದ ಭಿತ್ತಿಪತ್ರದ 'ಅತಿಥಿ ಆಟಗಾರ' ಇವನೇ.

ಈ ಪತ್ರ ಹಿಡಿದು ಕರ್ನಾಟಕದಿಂದ ಹೊರಟವರು ಹಲವರು. ಕೊಡಗಿನ ರಾಬಿನ್ ಉತ್ತಪ್ಪ 2017ರಲ್ಲಿ ಸೌರಾಷ್ಟ್ರಕ್ಕೆ, 2019ರಲ್ಲಿ ಕೇರಳಕ್ಕೆ ಹೋದರು. ಎರಡು ಬಾರಿ ರಣಜಿ ಟ್ರೋಫಿ ಗೆದ್ದ ನಾಯಕ, ದಾವಣಗೆರೆಯ ವಿನಯ್ ಕುಮಾರ್ 2019ರಲ್ಲಿ ಪುದುಚೇರಿ ಸೇರಿದರು. ಅದೇ ದಾವಣಗೆರೆಯ ಗಣೇಶ್ ಸತೀಶ್ ಅದಕ್ಕೂ ಮುಂಚೆಯೇ ವಿದರ್ಭಕ್ಕೆ ಹೋಗಿದ್ದರು. ಡಿಸೆಂಬರ್ 2017ರಲ್ಲಿ ಕೋಲ್ಕತ್ತದಲ್ಲಿ ರಣಜಿ ಸೆಮಿಫೈನಲ್. ಕರ್ನಾಟಕದ ಪರ ಕರುಣ್ ನಾಯರ್ 153 ರನ್ ಹೊಡೆದರು. ವಿದರ್ಭದ ಎರಡನೆಯ ಸರದಿಯನ್ನು ಎತ್ತಿ ನಿಲ್ಲಿಸಿದವರಲ್ಲಿ ಗಣೇಶ್ ಸತೀಶ್ ಒಬ್ಬರು. ಗೆಲುವಿಗೆ 198 ಬೇಕಿದ್ದ ಕರ್ನಾಟಕ 192ಕ್ಕೆ ಮುಗಿಯಿತು. ಐದು ರನ್ನಿನ ಸೋಲು. ಕನ್ನಡಿಗನೊಬ್ಬ ಎದುರು ಪಾಳಯದಲ್ಲಿದ್ದ ನೋವು ಆ ಐದು ರನ್ನಿನಲ್ಲಿ ಇನ್ನೂ ಇದೆ. ಆದರೆ ಅವರು ಮಾಡಿದ್ದು ನಿಯಮದ ಪ್ರಕಾರ ಸರಿ, ಬಾಳಿನ ಪ್ರಕಾರವೂ ಸರಿ. ಆಡಲು ಜಾಗ ಸಿಕ್ಕಲ್ಲಿ ಆಡುವುದು ಆಟಗಾರನ ಧರ್ಮ.

ಮುಂದೆ ಕರುಣ್ ನಾಯರ್ ಅವರೂ ಅದೇ ದಾರಿ ಹಿಡಿದರು. ಅವರ ಬದುಕು ಅರ್ಹತಾ ನಿಯಮಕ್ಕೆ ಪಾಠದ ಉದಾಹರಣೆಯಂತಿದೆ. ಹುಟ್ಟಿದ್ದು ರಾಜಸ್ಥಾನದ ಜೋಧಪುರದಲ್ಲಿ, ಮನೆತನ ಕೇರಳದ್ದು, ಬೆಳೆದದ್ದು ಆಟ ಕಲಿತದ್ದು ಬೆಂಗಳೂರಿನಲ್ಲಿ. 2016ರಲ್ಲಿ ಚೆನ್ನೈಯಲ್ಲಿ ಭಾರತದ ಪರ ಟೆಸ್ಟ್‌ನಲ್ಲಿ ಅಜೇಯ 303 ಹೊಡೆದವರು. ಕರ್ನಾಟಕ ತಂಡದಲ್ಲಿ ಜಾಗ ತಪ್ಪಿದ ಮೇಲೆ 2023ರಲ್ಲಿ ವಿದರ್ಭಕ್ಕೆ ಹೋದರು. 2025ರ ರಣಜಿ ಫೈನಲ್ ನಾಗಪುರದಲ್ಲಿ ವಿದರ್ಭಕ್ಕೂ ಕೇರಳಕ್ಕೂ ನಡೆಯಿತು. ಸೆಮಿಫೈನಲ್‌ನಲ್ಲಿ ಗುಜರಾತ್ ವಿರುದ್ಧ ಅಜೇಯ 177 ಹೊಡೆದು ಕೇರಳವನ್ನು ಮೊದಲ ಬಾರಿಗೆ ಫೈನಲ್‌ಗೆ ತಂದವರು ಕಾಸರಗೋಡಿನ ಅಜರುದ್ದೀನ್. ಫೈನಲ್‌ನಲ್ಲಿ 86 ಮತ್ತು 135 ರನ್ ಹೊಡೆದು ಆ ಕನಸನ್ನು ತಡೆದವರು ಬೆಂಗಳೂರಿನ ಕರುಣ್. ಕರ್ನಾಟಕ ಇಲ್ಲದ ಆ ಪಂದ್ಯದಲ್ಲಿ 1956ರ ಗಡಿ ಒಬ್ಬರನ್ನು, ನಿರಾಕ್ಷೇಪಣಾ ಪತ್ರ ಇನ್ನೊಬ್ಬರನ್ನು ಕರ್ನಾಟಕದ ಹೊರಗೆ ನಿಲ್ಲಿಸಿತ್ತು. ಆ ಋತು ಮುಗಿದ ಮೇಲೆ ಕರುಣ್ ಮತ್ತೆ ಕರ್ನಾಟಕಕ್ಕೆ ಮರಳಿದರು.

ದುಡಿಯುವ ಜಾಗವೇ ರಾಜ್ಯವಾದಾಗ

ಭಾರತದಲ್ಲಿ ಎದ್ದು ಕಾಣುವ ಇನ್ನೊಂದು ಆಧಾರ ಉದ್ಯೋಗ. ರೈಲ್ವೆ, ಸೇನಾಪಡೆಗಳ ಸರ್ವಿಸಸ್ ತಂಡ ಇವೆಲ್ಲ ರಾಷ್ಟ್ರೀಯ ಕೂಟಗಳಲ್ಲಿ ಒಂದೊಂದು ರಾಜ್ಯದ ಸಮಕ್ಕೆ ನಿಲ್ಲುತ್ತವೆ. ಇವಕ್ಕೆ ನೆಲವಿಲ್ಲ, ನೇಮಕಾತಿ ಪತ್ರವೇ ಇವುಗಳ ಭೂಪಟ. ಜೋಧಪುರದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ಮಿಥಾಲಿ ರಾಜ್ ದೇಶೀಯ ಕ್ರಿಕೆಟ್ ಆಡಿದ್ದು ರೈಲ್ವೆಯ ಪರವಾಗಿ. ಮಹಿಳಾ ಕ್ರಿಕೆಟ್‌ನಲ್ಲಿ ರೈಲ್ವೆ ವರ್ಷಗಟ್ಟಲೆ ಗೆಲ್ಲುತ್ತಾ ಬಂದದ್ದಕ್ಕೆ ಕಾರಣ ಸರಳ: ಹೆಣ್ಣುಮಕ್ಕಳಿಗೆ ಆಟದ ಜೊತೆಗೆ ಸಂಬಳವನ್ನೂ ಕೊಡುತ್ತಿದ್ದ ಸಂಸ್ಥೆ ಅದು. 2025ರಲ್ಲಿ ಉತ್ತರಾಖಂಡದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಪದಕ ಪಟ್ಟಿಯ ತುದಿಯಲ್ಲಿದ್ದದ್ದು ಸರ್ವಿಸಸ್.

ಆ ಸೇನಾಪಡೆಯ ಸಾಲಿನಲ್ಲಿ ನಮ್ಮ ಸೀಮೆಯವರೊಬ್ಬರಿದ್ದಾರೆ. ಕುಂದಾಪುರ ತಾಲೂಕಿನ ವಂಡ್ಸೆಯ ಗುರುರಾಜ ಪೂಜಾರಿ, ವಾಹನ ಚಾಲಕರ ಮಗ. ಉಜಿರೆಯ ಕಾಲೇಜಿನಲ್ಲಿ ಓದುತ್ತಾ ಭಾರ ಎತ್ತುವುದನ್ನು ಕಲಿತರು. ಆ ಬಲವೇ ಭಾರತೀಯ ವಾಯುಪಡೆಯಲ್ಲಿ ಕೆಲಸಕ್ಕೆ ದಾರಿಯಾಯಿತು. 2018ರ ಏಪ್ರಿಲ್ 5ರಂದು ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಪಡೆದಾಗ ಅದು ಆ ಕೂಟದಲ್ಲಿ ಭಾರತದ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು. ದೇಶದ ಪರ ಎತ್ತುವಾಗ ಅವರು ಭಾರತದವರು, ಊರಿಗೆ ಬಂದಾಗ ವಂಡ್ಸೆಯವರು. ನಡುವಿನ ಹಂತದಲ್ಲಿ ಮಾತ್ರ ಕರ್ನಾಟಕದ ಜಾಗವನ್ನು ಉದ್ಯೋಗ ತುಂಬಿತು. ಬಡ ಮನೆಯ ಕ್ರೀಡಾಪಟುವಿಗೆ ಅನ್ನ ಕೊಟ್ಟ ಸಂಸ್ಥೆ ಅವನ ಪ್ರಾತಿನಿಧ್ಯವನ್ನು ಕೇಳುವುದು ನ್ಯಾಯವೇ. ಮಕ್ಕಳು ಸರ್ವಿಸಸ್‌ಗೆ ಹೋದರಲ್ಲ ಎಂದು ರಾಜ್ಯ ಹಲುಬುವ ಮೊದಲು, ಅವರಿಗೆ ಕೆಲಸ ಕೊಡಲು ತಾನು ಏನು ಮಾಡಿತ್ತು ಎಂದು ಕೇಳಿಕೊಳ್ಳಬೇಕು.

ಕಬಡ್ಡಿಯಲ್ಲಿ ಇನ್ನೊಂದು ಬಗೆಯ ಕಥೆಯಿದೆ. ಜನವರಿ 2018ರಲ್ಲಿ ಹೈದರಾಬಾದಿನಲ್ಲಿ ಸರ್ವಿಸಸ್ ತಂಡವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದ ಮಹಾರಾಷ್ಟ್ರ ತಂಡದ ನಾಯಕ ರಿಶಾಂಕ್ ದೇವಾಡಿಗ. ಹುಟ್ಟಿ ಬೆಳೆದು ಆಟ ಕಲಿತದ್ದೆಲ್ಲ ಮುಂಬೈಯಲ್ಲಿ. ದೇವಾಡಿಗ ಎಂಬ ಹೆಸರು ಮಾತ್ರ ನಮ್ಮ ಕರಾವಳಿಯದು. ಮಹಾರಾಷ್ಟ್ರದ ಪರ ಆಡುವುದು ಅವರ ಸಹಜ ಹಕ್ಕು. ಆದರೂ ಆ ಸುದ್ದಿ ಓದಿದಾಗ ಕರಾವಳಿಯ ಮನೆಗಳಲ್ಲಿ ಆದ ಖುಷಿಗೆ ಯಾವ ನಿಯಮದಲ್ಲೂ ಹೆಸರಿಲ್ಲ. ಪ್ರೊ ಕಬಡ್ಡಿ, ಐಪಿಎಲ್‌ನಂತಹ ಲೀಗ್‌ಗಳಲ್ಲಿ ಹರಾಜಿನ ಕೂಗೇ ಅರ್ಹತೆ. ತಂಡದ ಹೆಸರಿನಲ್ಲಿ ಬೆಂಗಳೂರು ಇದ್ದರೂ ಆಟಗಾರ ಬೆಂಗಳೂರಿನವನಾಗಿರಬೇಕಾಗಿಲ್ಲ.

ಮೂಲವೇ ಮುಖ್ಯ ಎಂದ ಆಟ

ಆಟಗಾರ ಯಾವ ನೆಲದವನು ಎಂಬ ಪ್ರಶ್ನೆಯನ್ನು ತೀವ್ರವಾಗಿ ಎದುರಿಸಿದ ಆಟ ರಗ್ಬಿ ಲೀಗ್. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ರಗ್ಬಿಯಿಂದ ಸಿಡಿದು ಹುಟ್ಟಿದ, ಹದಿಮೂರು ಮಂದಿಯ ಈ ಆಟಕ್ಕೆ ಆಸ್ಟ್ರೇಲಿಯದ ಪೂರ್ವ ರಾಜ್ಯಗಳಲ್ಲಿ ನಮ್ಮಲ್ಲಿ ಕ್ರಿಕೆಟ್‌ಗಿರುವಷ್ಟೇ ಮಹತ್ವ. ಅಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ ಹಳೆಯ ಪೈಪೋಟಿ. ಮೊದಲು ಇದ್ದದ್ದು ವಾಸದ ನಿಯಮ. ಸಿಡ್ನಿಯ ಶ್ರೀಮಂತ ಕ್ಲಬ್ಬುಗಳು ಕ್ವೀನ್ಸ್‌ಲ್ಯಾಂಡಿನ ಒಳ್ಳೆಯ ಆಟಗಾರರನ್ನು ಹಣ ಕೊಟ್ಟು ಕರೆಸಿಕೊಳ್ಳುತ್ತಿದ್ದವು. ಅವರು ತಮ್ಮ ತವರಿನ ವಿರುದ್ಧವೇ ಆಡುತ್ತಿದ್ದರು. ಪಂದ್ಯಗಳು ಏಕಪಕ್ಷೀಯವಾಗಿ ಸಪ್ಪೆಯಾದವು.

1980ರ ಜುಲೈ 8ರಂದು ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ ಒಂದು ಪಂದ್ಯಕ್ಕೆ ಮಾತ್ರ ನಿಯಮ ಬದಲಿಸಿ ನೋಡಿದರು: ಎಲ್ಲಿ ಆಡುತ್ತೀಯೋ ಅದಲ್ಲ, ಎಲ್ಲಿಂದ ಬಂದೆಯೋ ಅದೇ ನಿನ್ನ ರಾಜ್ಯ. ಅಷ್ಟರವರೆಗೆ ನ್ಯೂ ಸೌತ್ ವೇಲ್ಸ್ ಪರ ಆಡಿದ್ದ 35 ವರ್ಷದ ಆರ್ಥರ್ ಬೀಟ್ಸನ್ ತವರು ಕ್ವೀನ್ಸ್‌ಲ್ಯಾಂಡಿನ ನಾಯಕರಾಗಿ ಬಂದರು. ತಂಡ 20–10ರಿಂದ ಗೆದ್ದಿತು. 'ಸ್ಟೇಟ್ ಆಫ್ ಆರಿಜಿನ್' ಹುಟ್ಟಿದ್ದು ಹೀಗೆ. 'ಮೂಲ' ಎಂದರೆ ಏನೆಂಬುದರ ಮೇಲೆ ಮತ್ತೆ ಜಗಳ. ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿದ ಗ್ರೆಗ್ ಇಂಗ್ಲಿಸ್ ಕ್ವೀನ್ಸ್‌ಲ್ಯಾಂಡ್ ಪರ ಮೆರೆದದ್ದು ಇಂದಿಗೂ ಚರ್ಚೆಯ ವಸ್ತು. 2012ರಲ್ಲಿ ನಿಯಮ ಬಿಗಿಯಾಯಿತು: ಆಟಗಾರ ಆ ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲವೇ ಹದಿಮೂರನೆಯ ಹುಟ್ಟುಹಬ್ಬಕ್ಕೆ ಮೊದಲು ಅಲ್ಲಿ ವಾಸವಾಗಿರಬೇಕು, ಇಲ್ಲವೇ ಅವನ ತಂದೆ ಆ ರಾಜ್ಯಕ್ಕೆ ಆಡಿರಬೇಕು.

ಹದಿಮೂರರ ಗೆರೆ ಬಹಳ ಯೋಚಿಸಿ ಎಳೆದದ್ದು ಎನಿಸುತ್ತದೆ. ಮನುಷ್ಯ ಆಟ ಕಲಿಯುವುದು, ಗೆಳೆಯರನ್ನು ಕಟ್ಟಿಕೊಳ್ಳುವುದು, ಊರಿನ ಮಾತು ನಾಲಿಗೆಗೆ ಹತ್ತುವುದು ಆ ವಯಸ್ಸಿನೊಳಗೆ. ಇದೇ ನಿಯಮ ಭಾರತದಲ್ಲಿದ್ದಿದ್ದರೆ 2017ರಲ್ಲಿ ಗಣೇಶ್ ಸತೀಶ್ ಕರ್ನಾಟಕದ ಪರ ಇರುತ್ತಿದ್ದರು, 2025ರಲ್ಲಿ ಕರುಣ್ ಕೂಡ. ಆದರೆ ಅವರಿಬ್ಬರಿಗೂ ಆಡಲು ಜಾಗವೇ ಸಿಗದೆ ಹೋಗುವ ಸಾಧ್ಯತೆಯೂ ಇತ್ತು. ಆಸ್ಟ್ರೇಲಿಯದ ಆಟಗಾರನಿಗೆ ಹೊಟ್ಟೆಪಾಡು ಕ್ಲಬ್ಬಿನಲ್ಲಿ, ರಾಜ್ಯ ತಂಡ ವರ್ಷಕ್ಕೆ ಮೂರು ಪಂದ್ಯದ ಗೌರವ; ನಮ್ಮ ರಣಜಿ ಆಟಗಾರನಿಗೆ ರಾಜ್ಯ ತಂಡವೇ ಹೊಟ್ಟೆಪಾಡು. ಈ ವ್ಯತ್ಯಾಸ ಮರೆತು ಅವರ ನಿಯಮವನ್ನು ಇಲ್ಲಿಗೆ ತಂದರೆ ಅನ್ಯಾಯವಾದೀತು.

ಅಂತಾರಾಷ್ಟ್ರೀಯ ರಗ್ಬಿ ಲೀಗ್‌ನಲ್ಲಿ ಹುಟ್ಟಿದ ದೇಶ, ತಂದೆ ತಾಯಿಯ ದೇಶ, ಅಜ್ಜ ಅಜ್ಜಿಯ ದೇಶ ಮೂರಕ್ಕೂ ಮಾನ್ಯತೆಯಿದೆ. ಹಲವು ವರ್ಷದ ವಾಸದ ಮೂಲಕವೂ ಅರ್ಹತೆ ಬರುತ್ತದೆ. 2017ರಲ್ಲಿ ಜೇಸನ್ ತೌಮಲೋಲೊ ಬಲಿಷ್ಠ ನ್ಯೂಜಿಲೆಂಡ್ ತಂಡವನ್ನು ಬಿಟ್ಟು ಹಿರಿಯರ ನಾಡಾದ ಪುಟ್ಟ ಟೊಂಗಾ ಪರ ನಿಂತರು. ಟೊಂಗಾ ಆ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನೇ 28–22ರಿಂದ ಸೋಲಿಸಿತು. 'ಯಾರ್ ಮನಿ ಗಂಡ್' ಎಂದು ಕೇಳುವ ಬೈಂದೂರಿನ ಬಯಲಿನ ನಿಯಮ ಅಲ್ಲಿ ವಿಶ್ವಕಪ್‌ನ ನಿಯಮ.

ದೇಶದ ಅಂಗಿ

ಭಾರತದ ರಾಷ್ಟ್ರ ತಂಡಗಳಿಗೆ ನಿಯಮ ಒಂದೇ: ಭಾರತದ ಪಾಸ್‌ಪೋರ್ಟ್. 2008ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭಾರತೀಯ ನಾಗರಿಕರು ಮಾತ್ರ ದೇಶವನ್ನು ಪ್ರತಿನಿಧಿಸಬಹುದು ಎಂದು ಗೊತ್ತುಪಡಿಸಿತು. ಅದುವರೆಗೆ ಭಾರತದ ಪರ ಟೆನಿಸ್ ಆಡುತ್ತಿದ್ದ ಅಮೆರಿಕದ ನಾಗರಿಕ ಪ್ರಕಾಶ್ ಅಮೃತರಾಜ್ ಅಂಥವರು ಹೊರಗುಳಿದರು. ನಮ್ಮ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಬಂದುಹೋಗಲು ಸಾಲುತ್ತದೆ, ಆಡಲು ಸಾಲದು. ಆಡಲೇಬೇಕೆಂದರೆ ಹುಟ್ಟಿದ ನಾಡಿನ ಪೌರತ್ವ ಬಿಡಬೇಕು. ಜಪಾನಿನಲ್ಲಿ ಹುಟ್ಟಿದ ಇಜುಮಿ ಅರಾಟ ಹಾಗೆ ಬಿಟ್ಟು 2013ರಲ್ಲಿ ಭಾರತದ ಫುಟ್‌ಬಾಲ್ ತಂಡಕ್ಕೆ ಬಂದರು. 2025ರಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ತಾಯಿಯ ಕಡೆಯಿಂದ ಮುಂಬೈ ನಂಟಿದ್ದವರು, ಆಸ್ಟ್ರೇಲಿಯದ ಪೌರತ್ವ ತ್ಯಜಿಸಿ ಭಾರತೀಯರಾದರು. ಒಲಿಂಪಿಕ್ ಸನ್ನದು ಕೂಡ ಪೌರತ್ವವನ್ನೇ ಕೇಳುತ್ತದೆ. ಒಂದು ದೇಶಕ್ಕೆ ಆಡಿದವರು ಇನ್ನೊಂದಕ್ಕೆ ಹೋಗಲು ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು.

ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಇದಕ್ಕಿಂತ ಸಡಿಲ. ಹುಟ್ಟು, ಪಾಸ್‌ಪೋರ್ಟ್, ಇಲ್ಲವೇ ಮೂರು ವರ್ಷದ ನಿರಂತರ ವಾಸ, ಇವುಗಳಲ್ಲಿ ಒಂದು ಸಾಕು. ಕೊಲ್ಲಿಯಲ್ಲಿ ದುಡಿಯುವ ಕರಾವಳಿಯವರಿಗೆ ಇದು ದೊಡ್ಡ ಮಾತು. ಅಲ್ಲಿ ಪೌರತ್ವ ಸಿಗುವುದು ದುರ್ಲಭ, ಆದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಸಂಯುಕ್ತ ಅರಬ್ ಸಂಸ್ಥಾನದ ಪರ ಕ್ರಿಕೆಟ್ ಆಡಬಹುದು. ಕೇರಳದ ಸಿ. ಪಿ. ರಿಜ್ವಾನ್ ಹಾಗೆ ಹೋಗಿ 2022ರ ಟಿ20 ವಿಶ್ವಕಪ್‌ನಲ್ಲಿ ಆ ದೇಶದ ನಾಯಕರೇ ಆದರು.

ಕನ್ನಡದ ಮನೆಗಳ ಹುಡುಗರು ಬೇರೆ ದೇಶದ ಅಂಗಿಯಲ್ಲಿ ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ರಚಿನ್ ರವೀಂದ್ರ ಹುಟ್ಟಿದ್ದು ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ, ತಂದೆ ತಾಯಿ ಬೆಂಗಳೂರಿನವರು. 2023ರ ವಿಶ್ವಕಪ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ 108 ಹೊಡೆದರು. 2024ರ ಅಕ್ಟೋಬರ್‌ನಲ್ಲಿ ಅಲ್ಲೇ ಭಾರತದ ವಿರುದ್ಧ 134 ಹೊಡೆದು, 1988ರ ನಂತರ ಭಾರತದಲ್ಲಿ ನ್ಯೂಜಿಲೆಂಡ್ ಗೆದ್ದ ಮೊದಲ ಟೆಸ್ಟ್‌ಗೆ ಕಾರಣರಾದರು. ನೋಸ್ತುಷ್ ಕೆಂಜಿಗೆ ಅವರದು ತಿರುವುಮುರುವು: ಹುಟ್ಟು ಅಮೆರಿಕದ ಅಲಬಾಮ, ಮನೆ ಚಿಕ್ಕಮಗಳೂರಿನ ಕಾಫಿ ತೋಟ, ಕ್ರಿಕೆಟ್ ಕಲಿತದ್ದು ಬೆಂಗಳೂರಿನ ಲೀಗ್‌ಗಳಲ್ಲಿ. ಇಲ್ಲಿ ಅವಕಾಶ ತೆರೆಯದಿದ್ದಾಗ ಜನ್ಮಸ್ಥಳದ ಹಕ್ಕಿನಿಂದ ಅಮೆರಿಕ ತಂಡಕ್ಕೆ ಹೋಗಿ, 2024ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿದ ಪಂದ್ಯದಲ್ಲಿ ಮೂರು ವಿಕೆಟ್ ತೆಗೆದರು.

ಇವರಿಗೆಲ್ಲ ಮೊದಲಿಗರು ನಮ್ಮದೇ ಕರಾವಳಿಯ ಮೂಲ್ಕಿಯ ಬುಧಿ ಕುಂದರನ್. ರಣಜಿಯಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ 1960ರಲ್ಲಿ ಭಾರತದ ಪರ ಟೆಸ್ಟ್ ಆಡಿದವರು. ಆಮೇಲೆ ರೈಲ್ವೆಗೆ ಆಡಿದರು, ಮೈಸೂರಿಗೆ ಆಡಿದರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು. ಬಳಿಕ ಸ್ಕಾಟ್ಲೆಂಡಿನಲ್ಲಿ ನೆಲೆಸಿ 1980ರ ದಶಕದ ಆರಂಭದಲ್ಲಿ ಆ ದೇಶದ ಅಂಗಿಯನ್ನೂ ತೊಟ್ಟರು. 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಉದ್ಯೋಗ, ಹುಟ್ಟು, ಪೌರತ್ವ, ವಾಸ ಎಂಬ ನಾಲ್ಕು ಆಧಾರಗಳ ಮೇಲೂ ಆಡಿದ ಕರಾವಳಿಗ ಅವರು.

ದಾಖಲೆಗಳು

ನಿಯಮ ಎಷ್ಟೇ ಉದಾತ್ತವಾಗಿರಲಿ, ಕೊನೆಗೆ ಅದು ಕಾಗದದ ಮೇಲೆ ನಿಲ್ಲುತ್ತದೆ. 2020ರ ಆಗಸ್ಟ್‌ನಲ್ಲಿ ಭಾರತೀಯ ಕ್ರಿಕೆಟ್ ಮಂಡಳಿ ವಯಸ್ಸಿನ ಸುಳ್ಳನ್ನು ತಾವಾಗಿ ಒಪ್ಪಿಕೊಂಡವರಿಗೆ ಕ್ಷಮೆ ಕೊಟ್ಟಿತು. ವಾಸಸ್ಥಳದ ಸುಳ್ಳಿಗೆ ಆ ಕ್ಷಮೆ ಇಲ್ಲ, ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಎಂದಿತು. ವಲಸೆ ಹೋಗುವ ಮನೆಗಳ ಮಕ್ಕಳು ಈ ಕಾರಣಕ್ಕೆ ಎಚ್ಚರವಾಗಿರಬೇಕು. ಹೋಟೆಲ್ ಕೆಲಸದ ತಂದೆಯ ಜೊತೆ ಬಾಡಿಗೆ ಮನೆ ಬದಲಿಸುತ್ತಾ ಬೆಳೆದ ಹುಡುಗನಿಗೆ ಸುಳ್ಳು ಹೇಳುವ ಉದ್ದೇಶವಿಲ್ಲದಿದ್ದರೂ ಜನನ ಪತ್ರದಲ್ಲಿ ಒಂದು ಊರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು ಇರುತ್ತದೆ. ಮದುವೆಯಾಗಿ ಗಂಡನ ಊರಿಗೆ ಹೋದ ಕಬಡ್ಡಿ ಆಟಗಾರ್ತಿಯ ವಿಳಾಸವೂ ಹೀಗೆ ಬದಲಾಗುತ್ತದೆ, ಅವಳು ಆಡಿ ಬೆಳೆದ ಜಿಲ್ಲೆಯ ಹೆಸರು ಗುರುತಿನ ಚೀಟಿಯಿಂದ ಅಳಿಯುತ್ತದೆ. ಇಂಥವರಿಗೆ ಆಸರೆಯಾಗುವುದು ವರ್ಷವರ್ಷದ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ವಾಸಸ್ಥಳ ದೃಢೀಕರಣ, ಹುಟ್ಟಿದ ಒಡನೆ ನೋಂದಾಯಿಸಿದ ಜನನ ಪತ್ರ. ರಾಜ್ಯ ಆಯ್ಕೆಗೆ ಕರೆ ಬಂದ ದಿನ ರಾತ್ರಿ ಬಸ್ಸು ಹತ್ತುವ ಹುಡುಗಿಯ ಚೀಲದಲ್ಲಿ ಬೂಟು, ಮೊಣಕಾಲು ಪಟ್ಟಿಯ ಜೊತೆ ಈ ಮೂರು ಕಾಗದಗಳ ಪ್ಲಾಸ್ಟಿಕ್ ಕವರ್ ಇರಲೇಬೇಕು.